ಸ್ಕ್ರೂ ಡ್ರೈವರ್ ಕೊನೆಗೆ: ಆಟದ ನಡುವೆ ಕಾದು ಕೆಂಡವಾಗುವ ಗ್ರಾಫಿಕ್ಸ್ ಕಾರ್ಡ್ ತಣಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿಯ ನಮ್ಮ ಓಣಿಯಲ್ಲಿ ಎರಡು ವಸ್ತುಗಳು ತಪ್ಪದೆ ಕೈಕೊಡುತ್ತವೆ. ಒಂದು ಏರ್ ಕೂಲರಿನ ಪಂಪು, ಇನ್ನೊಂದು ಹುಡುಗರ ಗ್ರಾಫಿಕ್ಸ್ ಕಾರ್ಡ್. ಪಂಪು ತಾನಾಗಿಯೇ ಕೆಟ್ಟಿರುತ್ತದೆ. ಕಾರ್ಡನ್ನು ಮಾತ್ರ ಯಾರೋ ರಿಪೇರಿ ಮಾಡಲು ಹೋಗಿ ಕೆಡಿಸಿರುತ್ತಾರೆ.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗ ತನ್ನ ಆರ್‌ಟಿಎಕ್ಸ್ 3060 ಕಾರ್ಡನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಬಂದ. "ಕಾಕಾ, ಪೇಸ್ಟ್ ಬದಲಿಸಿದೆ, ಪ್ಯಾಡ್ ಕೂಡ ಹೊಸದು ಹಾಕಿದೆ. ಮೊದಲು 84 ಡಿಗ್ರಿ ಬರುತ್ತಿತ್ತು. ಈಗ ಆಟ ಶುರುವಾದ ಎರಡೇ ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ" ಎಂದ. ಪೇಸ್ಟ್, ಪ್ಯಾಡ್ ಎರಡೂ ಚಿಪ್ಪುಗಳ ಬಿಸಿಯನ್ನು ಅವುಗಳ ಮೇಲೆ ಕೂರುವ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಪದರಗಳು. 84 ಇದ್ದಾಗ ಕೋಣೆಯಲ್ಲಿ ಎಷ್ಟಿತ್ತು ಎಂದು ಕೇಳಿದೆ. ಅದನ್ನು ಅವನು ನೋಡಿರಲಿಲ್ಲ. ಯಾರೂ ನೋಡುವುದಿಲ್ಲ. ಯೂಟ್ಯೂಬಿನಲ್ಲಿ ಯಾರೋ ಕಾರ್ಡ್ ಬಿಚ್ಚಿದ್ದನ್ನು ನೋಡುತ್ತಾರೆ, ಮನೆಯ ಸ್ಕ್ರೂ ಡ್ರೈವರ್ ಹುಡುಕುತ್ತಾರೆ.

ಮೊದಲು ಅಳೆಯಿರಿ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಇರುವ ಗಾಳಿಯನ್ನು ತಳ್ಳುತ್ತದೆ ಅಷ್ಟೇ. ಆದ್ದರಿಂದ ಕಾರ್ಡಿನ ಉಷ್ಣಾಂಶ ಯಾವಾಗಲೂ ಕೋಣೆಯ ಉಷ್ಣಾಂಶದ ಹೆಗಲೇರಿ ಕೂತಿರುತ್ತದೆ. ಡಿಸೆಂಬರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 68 ತೋರಿಸುತ್ತಿದ್ದ ಕಾರ್ಡ್, ಮೇ ತಿಂಗಳ 40 ಡಿಗ್ರಿಯ ಕೋಣೆಯಲ್ಲಿ ಅದೇ ಆಟಕ್ಕೆ ಹೆಚ್ಚುಕಡಿಮೆ 83 ತೋರಿಸುತ್ತದೆ. ಇದರಲ್ಲಿ ಕಾರ್ಡಿನ ತಪ್ಪೇನೂ ಇಲ್ಲ.

ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯು ಇನ್ಫೋ, ಕಾರ್ಡಿನ ಉಷ್ಣಾಂಶ ತೋರಿಸುವ ಈ ಎರಡು ತಂತ್ರಾಂಶಗಳಲ್ಲಿ ಒಂದನ್ನು ಹಾಕಿಕೊಳ್ಳಿ. ಎರಡೂ ಉಚಿತ. ನೀವು ದಿನಾ ಆಡುವ ಆಟವನ್ನೇ ಅರ್ಧ ಗಂಟೆ ಆಡಿ, ಕಾರ್ಡಿನ ಉಷ್ಣಾಂಶ, ಹಾಟ್‌ಸ್ಪಾಟ್ (ಏನೆಂದು ಮುಂದೆ ಹೇಳುತ್ತೇನೆ), ಫ್ಯಾನಿನ ವೇಗ ಮತ್ತು ಕೋಣೆಯ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಫರ್‌ಮಾರ್ಕ್ ಎಂಬ ಪರೀಕ್ಷೆಯ ತಂತ್ರಾಂಶ ಹಾಕಿ ಕಾರ್ಡನ್ನು ಹುರಿಯಬೇಡಿ. ಯಾವ ಆಟವೂ ಕೊಡದ ಹೊರೆಯನ್ನು ಅದು ಕೊಡುತ್ತದೆ. ಆ ಸಂಖ್ಯೆ ನೋಡಿ ಹೆದರಿದವರೇ ಮರುದಿನ ಕಾರ್ಡ್ ಬಿಚ್ಚುವುದು.

80ರ ಒಳಗಿದ್ದರೆ ಪತ್ರಿಕೆ ಮಡಚಿಟ್ಟು ಆಟಕ್ಕೆ ಹೋಗಿ. ಎನ್‌ವಿಡಿಯಾದ 3060ಯಂಥ ಕಾರ್ಡ್‌ಗಳು 83ರ ಸುಮಾರಿಗೆ ವೇಗ ತಗ್ಗಿಸಿಕೊಳ್ಳಲು ತೊಡಗುತ್ತವೆ. ಆ ಕಾರ್ಡಿಗೆ ಕಂಪನಿ ಹೇಳಿರುವ ಗರಿಷ್ಠ ಮಿತಿ 93. ಎಎಂಡಿಯ ಇತ್ತೀಚಿನ ಕಾರ್ಡ್‌ಗಳಲ್ಲಿ ಹಾಟ್‌ಸ್ಪಾಟ್ 110ರ ತನಕ ಹೋಗಬಹುದು. ನಾನು ಹೆಚ್ಚು ನಂಬುವುದು ಈ ಸಂಖ್ಯೆಗಳಿಗಿಂತ ಅವುಗಳ ನಡುವಿನ ಅಂತರವನ್ನು. ಹಾಟ್‌ಸ್ಪಾಟ್ ಎಂದರೆ ಕಾರ್ಡಿನ ಮುಖ್ಯ ಚಿಪ್ಪಿನಲ್ಲಿ ಆ ಕ್ಷಣಕ್ಕೆ ಅತ್ಯಂತ ಬಿಸಿಯಾಗಿರುವ ಜಾಗ. ಕಾರ್ಡಿನ ಉಷ್ಣಾಂಶಕ್ಕಿಂತ ಅದು 10-15 ಡಿಗ್ರಿ ಹೆಚ್ಚಿರುವುದು ಸಹಜ. 25 ದಾಟಿದರೆ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಪೇಸ್ಟ್ ಹೋಗಿದೆ.

ಅದೂ ಅಲ್ಲದೆ ಮೂರನೆಯ ಕಾರಣವೂ ಇರಬಹುದು. 2022ರ ಡಿಸೆಂಬರಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಕೆಲವದರ ಹಾಟ್‌ಸ್ಪಾಟ್ ನೇರವಾಗಿ 110ಕ್ಕೆ ಜಿಗಿಯುತ್ತಿತ್ತು. ಹೀಟ್‌ಸಿಂಕಿನಲ್ಲಿ ನೀರು ಆವಿಯಾಗಿ ಬಿಸಿ ಸಾಗಿಸುವ ಪೊಳ್ಳು ತಟ್ಟೆಯೊಳಗೆ (ವೇಪರ್ ಚೇಂಬರ್) ಇರಬೇಕಾದಷ್ಟು ನೀರೇ ಇರಲಿಲ್ಲ ಎಂದು ಮುಂದಿನ ತಿಂಗಳು ಕಂಪನಿಯೇ ಒಪ್ಪಿಕೊಂಡಿತು. ಅಂಥದ್ದಕ್ಕೆ ಎಷ್ಟು ಪೇಸ್ಟ್ ಬಳಿದರೂ ಉಪಯೋಗವಿಲ್ಲ. ವಾರಂಟಿ ಇರುವ ಹೊಸ ಕಾರ್ಡಿನ ಅಂತರ ಹೀಗಿದ್ದರೆ ಕೈ ಹಾಕದೆ ಅಂಗಡಿಗೆ ಮರಳಿಸಿ.

ಕ್ಯಾಬಿನೆಟ್ಟಿನ ಪರೀಕ್ಷೆ

ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಆಟ ಆಡಿ. ಐದಾರು ಡಿಗ್ರಿ ಇಳಿದರೆ ತೊಂದರೆ ಇರುವುದು ಕ್ಯಾಬಿನೆಟ್ಟಿನಲ್ಲಿ, ಕಾರ್ಡಿನಲ್ಲಲ್ಲ. ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿ, ಅದರ ಹಿಂದೆ ಮೂರು ಬಣ್ಣದ ಫ್ಯಾನು ಕೂರಿಸಿದ ಕ್ಯಾಬಿನೆಟ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ. ಕಿಟಕಿ ಮುಚ್ಚಿ ಅದರ ಒಳಗೆ ಟೇಬಲ್ ಫ್ಯಾನ್ ಇಟ್ಟ ಹಾಗೆ. ಮುಂದೆ ಜಾಲರಿ ಇರಬೇಕು. ಗಾಳಿ ಮುಂದಿನಿಂದ ಒಳಗೆ ಬಂದು ಹಿಂದಿನಿಂದ, ಮೇಲಿನಿಂದ ಹೊರಹೋಗಬೇಕು. ಕಂಪ್ಯೂಟರ್ ಟೇಬಲ್ಲಿನ ಆ ಮರದ ಗೂಡಿನಿಂದ ಕ್ಯಾಬಿನೆಟ್ಟನ್ನು ಈಗಲೇ ಹೊರಗೆ ತೆಗೆಯಿರಿ.

ಧೂಳಿಗೆ ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನುಗಳನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಏರ್ ಕೂಲರಿನ ಮುಖವನ್ನು ಕಂಪ್ಯೂಟರಿಗೆ ತಿರುಗಿಸಬೇಡಿ. ಒದ್ದೆ ಗಾಳಿಯ ಜೊತೆ ಗಡಸು ನೀರಿನ ತುಂತುರೂ ಬರುತ್ತದೆ, ಧೂಳು ಕೆಸರಾಗಿ ರೆಕ್ಕೆಗಳಿಗೆ ಅಂಟುತ್ತದೆ.

ಬಿಸಿ ಹುಟ್ಟುವುದನ್ನೇ ತಗ್ಗಿಸಿ

ಕಾರ್ಡ್ ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. 3060ಯದು 170 ವ್ಯಾಟ್, 4090ಯದು 450. ಹಳೆಯ ನೂರು ವ್ಯಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಫ್ಯಾನು ಹೆಚ್ಚಿಸುವ ಮೊದಲು ವ್ಯಾಟ್ ಇಳಿಸಬೇಕು ಎಂಬುದು ನನ್ನ ಹಟ.

ಅತಿ ಸುಲಭದ್ದು ಫ್ರೇಮಿಗೆ ಕಡಿವಾಣ. ನಿಮ್ಮ ಮಾನಿಟರ್ 75 ಹರ್ಟ್ಸ್ ಆಗಿದ್ದರೆ, ಅಂದರೆ ಸೆಕೆಂಡಿಗೆ 75 ಫ್ರೇಮ್ (ಚಿತ್ರ) ಮಾತ್ರ ತೋರಿಸುವುದಾದರೆ, ಕಾರ್ಡ್ ಸೆಕೆಂಡಿಗೆ 160 ಫ್ರೇಮ್ ಬಿಡಿಸಿ ಏನು ಸಾಧಿಸುತ್ತದೆ? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗರಿಷ್ಠ ಫ್ರೇಮ್ ದರವನ್ನು 75ಕ್ಕೆ ಕಟ್ಟಿಹಾಕಿ. ಆಟದ ಮೆನುವಿನಲ್ಲಿ ಸುಮ್ಮನೆ ನಿಂತಾಗಲೂ ಫ್ಯಾನು ಕಿರುಚುವುದು ಇದರಿಂದಲೇ ನಿಲ್ಲುತ್ತದೆ.

ಎರಡನೆಯದಕ್ಕೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಬೇಕು. ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ, ಆದರೆ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇದರ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳಿವೆ. ಅವಸರದವರು ಪವರ್ ಲಿಮಿಟ್ ಅನ್ನು 80 ಶೇಕಡಾಕ್ಕೆ ಇಳಿಸಿ ಸುಮ್ಮನಾಗಬಹುದು. ತಾಳ್ಮೆ ಇರುವವರು ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್ಪನ್ನು ಕಡಿಮೆ ವೋಲ್ಟೇಜಿನಲ್ಲಿ ಓಡಿಸಿ. ಮೊದಲು ಕೋರ್ ಕ್ಲಾಕ್ (ಚಿಪ್ಪಿನ ವೇಗ) ಅನ್ನು 200 ಮೆಗಾಹರ್ಟ್ಸ್ ಕೆಳಗಿಳಿಸಿ ಅಪ್ಲೈ ಒತ್ತಿ. ಕಂಟ್ರೋಲ್ ಮತ್ತು ಎಫ್ ಕೀಲಿ ಒತ್ತಿದರೆ ಚುಕ್ಕಿಗಳ ಗೆರೆಯೊಂದು ತೆರೆಯುತ್ತದೆ. 900 ಮಿಲಿವೋಲ್ಟಿನ ಚುಕ್ಕಿಯನ್ನು ಹಿಡಿದು 1800 ಮೆಗಾಹರ್ಟ್ಸ್ ತನಕ ಎತ್ತಿ, ಮತ್ತೆ ಅಪ್ಲೈ ಒತ್ತಿ. ಬಲಗಡೆಯ ಗೆರೆಯೆಲ್ಲ ಹಲಗೆಯಂತೆ ಮಟ್ಟಸವಾಗಬೇಕು. ಈ ಸಂಖ್ಯೆಗಳು 3060ಯಂಥ ಕಾರ್ಡಿಗೆ. ಆಟ ನಡುವೆ ನಿಂತುಹೋದರೆ 25 ಮಿಲಿವೋಲ್ಟ್ ಹೆಚ್ಚಿಸಿ. ವಾರವಿಡೀ ಆಡಿ ತೊಂದರೆಯಾಗದಿದ್ದರೆ ಮಾತ್ರ 'ವಿಂಡೋಸ್ ಜೊತೆಗೇ ಶುರುವಾಗಲಿ' ಎಂಬ ಗುಂಡಿ ಒತ್ತಬೇಕು. ಮೊದಲ ದಿನವೇ ಒತ್ತಿದವರ ಕಂಪ್ಯೂಟರ್ ವಿಂಡೋಸ್ ಬಂದೊಡನೆ ಸೆಟೆದು ನಿಂತಿದ್ದನ್ನು ನೋಡಿದ್ದೇನೆ. ಎಎಂಡಿ ಕಾರ್ಡಿನವರಿಗೆ ಆಡ್ರೆನಲಿನ್ ತಂತ್ರಾಂಶದೊಳಗೇ ಈ ಸೌಲಭ್ಯವಿದೆ.

ಫ್ಯಾನಿನ ಗೆರೆ (ಎಷ್ಟು ಬಿಸಿಗೆ ಎಷ್ಟು ವೇಗ): 60 ಡಿಗ್ರಿಗೆ 45 ಶೇಕಡಾ, 75ಕ್ಕೆ 70 ಶೇಕಡಾ. ಮುಗಿಯಿತು.

ಇನ್ನೂ ಇಳಿಯಲಿಲ್ಲವೇ? ಈಗ ಬಿಚ್ಚೋಣ

ಹತ್ತರಲ್ಲಿ ಒಂಬತ್ತು ಜನ ಇಲ್ಲಿಗೆ ಬರಬೇಕಾಗಿಯೇ ಇರುವುದಿಲ್ಲ. ಬರಬೇಕಾದವರು ನಾಲ್ಕೈದು ವರ್ಷ ಹಳೆಯ ಕಾರ್ಡಿನವರು, ಮತ್ತು ಸೆಕೆಂಡ್ ಹ್ಯಾಂಡ್ ಕೊಂಡವರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ, ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಅದನ್ನು ಗಳಿಸುವ 'ಗಣಿಗಾರಿಕೆ' ನಿಂತುಹೋಯಿತು. ಹಗಲು ರಾತ್ರಿ ದುಡಿದ ಆ ಕಾರ್ಡ್‌ಗಳು ಅಗ್ಗಕ್ಕೆ ಮಾರುಕಟ್ಟೆಗೆ ಬಂದವು. ಅವುಗಳ ಪ್ಯಾಡುಗಳಿಂದ ಎಣ್ಣೆ ಇಳಿದು ಬೋರ್ಡೆಲ್ಲ ಜಿಡ್ಡಾಗಿರುತ್ತದೆ.

ಬಿಚ್ಚುವ ಮುಂಚೆ ಹತ್ತು ನಿಮಿಷ ಆಟ ಓಡಿಸಿ. ಪೇಸ್ಟ್ ಮೆತ್ತಗಾಗುತ್ತದೆ. ಅನಂತರ ಕಂಪ್ಯೂಟರ್ ಆರಿಸಿ, ವೈರು ಕಿತ್ತು, ಕೈಗೆ ಬಿಸಿ ತಡೆದುಕೊಳ್ಳುವಷ್ಟು ಆರಲು ಬಿಡಿ. ಕಾರ್ಡನ್ನು ಮದರ್‌ಬೋರ್ಡಿನಿಂದ ಎಳೆಯುವ ಮೊದಲು ಸ್ಲಾಟಿನ ತುದಿಯ ಪ್ಲಾಸ್ಟಿಕ್ ಚಿಲಕವನ್ನು ಒತ್ತಬೇಕು. ದಪ್ಪ ಕಾರ್ಡಿನ ಕೆಳಗೆ ಬೆರಳು ಹೋಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಒತ್ತಿ. ಸ್ಕ್ರೂ ಡ್ರೈವರ್ ತೂರಿಸಿದರೆ, ಜಾರಿ ಮದರ್‌ಬೋರ್ಡಿನ ಮೇಲೆ ಒಂದು ಗೀರು ಬಿದ್ದರೆ, ಕಾರ್ಡ್ ತಂಪಾಗಿದ್ದೂ ಪ್ರಯೋಜನವಿಲ್ಲ.

ಚಿಪ್ಪಿನ ಹಿಂದೆ ಚೌಕಾಕಾರದಲ್ಲಿ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿರುತ್ತವೆ. ಮಂಚದ ಬೋಲ್ಟ್ ಬಿಚ್ಚುವ ಹಾಗೆ ಒಂದನ್ನು ಪೂರ್ತಿ ತೆಗೆದು ಇನ್ನೊಂದಕ್ಕೆ ಹೋಗಬಾರದು. ಒಂದಕ್ಕೆ ಅರ್ಧ ಸುತ್ತು, ಅದರ ಕರ್ಣದ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ. ಚಿಪ್ಪಿನ ಮೇಲೆ ಪ್ರೊಸೆಸರಿಗೆ ಇರುವಂಥ ಲೋಹದ ಮುಚ್ಚಳವಿಲ್ಲ, ಬರಿಯ ಸಿಲಿಕಾನ್ ಇದೆ. ಒಂದು ಮೂಲೆಗೆ ಭಾರ ಬಿದ್ದರೆ ಅದು ಗಾಜಿನಂತೆ ಚಕ್ಕೆ ಏಳುತ್ತದೆ.

ಸ್ಕ್ರೂಗಳೆಲ್ಲ ಬಂದ ಮೇಲೆ ಹೀಟ್‌ಸಿಂಕನ್ನು ಮೇಲಕ್ಕೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ, ತಾನಾಗಿ ಬಿಡಲಿ. ಬಿಟ್ಟೊಡನೆ ಉತ್ಸಾಹದಲ್ಲಿ ಎತ್ತಿದರೆ ಇನ್ನೊಂದು ಅನಾಹುತ: ಫ್ಯಾನಿನ ಮತ್ತು ದೀಪದ ಸಣ್ಣ ವೈರುಗಳು ಇನ್ನೂ ಬೋರ್ಡಿಗೆ ಅಂಟಿಕೊಂಡಿರುತ್ತವೆ. ಒಂದು ಅಂಗೈ ಅಗಲ ಮಾತ್ರ ತೆರೆದು, ಬಿಳಿಯ ಕನೆಕ್ಟರನ್ನು ಉಗುರಿನಿಂದ ಅತ್ತಿತ್ತ ಅಲ್ಲಾಡಿಸಿ ಬಿಡಿಸಿ. ವೈರು ಹಿಡಿದು ಜಗ್ಗಬೇಡಿ.

ಈಗ ಏನನ್ನೂ ಮುಟ್ಟದೆ ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಯಾವ ಪ್ಯಾಡ್ ಎಲ್ಲಿತ್ತು ಎಂಬುದು ಅರ್ಧ ಗಂಟೆಯ ನಂತರ ನೆನಪಿರುವುದಿಲ್ಲ. ಪ್ಯಾಡುಗಳು ಹರಿಯದೆ, ಒಣಗದೆ ಇದ್ದರೆ ಹಾಗೆಯೇ ಬಿಡಿ. ಹುಡುಗರು ತಪ್ಪುವುದು ಇಲ್ಲಿಯೇ. ನಮ್ಮ ಪಕ್ಕದ ಮನೆಯವನ ಕಾರ್ಡನ್ನು ಬಿಚ್ಚಿದಾಗ ಚಿಪ್ಪಿನ ಮೇಲೆ ಅವನು ಹಾಕಿದ ಪೇಸ್ಟ್ ಬಡಿಯದೆ ಬಿಟ್ಟ ರೊಟ್ಟಿ ಹಿಟ್ಟಿನ ಮುದ್ದೆಯಂತೆ ಹಾಗೆಯೇ ಉಬ್ಬಿಕೊಂಡಿತ್ತು. ಒಂದು ಅಂಚಿನಲ್ಲಿ ಮಾತ್ರ ಹೀಟ್‌ಸಿಂಕಿನ ತಾಮ್ರ ತಾಗಿದ ಗುರುತು. ಕಾರಣ ಪೇಸ್ಟ್ ಅಲ್ಲ. ಮೆಮೊರಿ ಚಿಪ್ಪುಗಳ ಮೇಲೆ ಕಂಪನಿ ಇಟ್ಟಿದ್ದು ಒಂದು ಮಿಲಿಮೀಟರ್ ಪ್ಯಾಡ್, ಅವನು ಅಂಟಿಸಿದ್ದು ಎರಡು ಮಿಲಿಮೀಟರ್. "ದಪ್ಪ ಇದ್ದರೆ ಒಳ್ಳೆಯದಲ್ಲವೇ ಕಾಕಾ?" ಎಂದ. ದಪ್ಪ ಪ್ಯಾಡ್ ಹೀಟ್‌ಸಿಂಕನ್ನು ಕುರ್ಚಿಯ ಕಾಲಿನ ಹಾಗೆ ಎತ್ತಿ ಹಿಡಿದಿತ್ತು, ಮುಖ್ಯ ಚಿಪ್ಪು ಗಾಳಿಯಲ್ಲಿ ಬೇಯುತ್ತಿತ್ತು.

ಬದಲಿಸಲೇಬೇಕಾದರೆ ಹಳೆಯ ಪ್ಯಾಡಿನ ಒತ್ತಿಹೋಗದ ಅಂಚನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಒಂದೇ ಕಾರ್ಡಿನಲ್ಲಿ ಮೆಮೊರಿಗೆ ಒಂದು ದಪ್ಪ, ವಿದ್ಯುತ್ ಭಾಗಕ್ಕೆ ಇನ್ನೊಂದು ದಪ್ಪ ಇರುವುದು ಸಾಮಾನ್ಯ. ಅಳತೆಯ ಗೊಡವೆ ಬೇಡ ಎನ್ನುವವರು ಥರ್ಮಲ್ ಪುಟ್ಟಿ ತರಿಸಿ. ಗೋದಿ ಕಣಕದಷ್ಟು ಮೆತ್ತಗಿರುತ್ತದೆ, ಸಂದು ಎಷ್ಟಿದೆಯೋ ಅಷ್ಟಕ್ಕೇ ಒತ್ತಿಕೊಳ್ಳುತ್ತದೆ. ಆ ಹುಡುಗನ ಕಾರ್ಡಿಗೆ ನಾನು ಹಾಕಿದ್ದು ಅದನ್ನೇ.

ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬಟ್ಟೆ ಸಾಕು. ಕೋವಿಡ್ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹೊಸದಕ್ಕೆ ರೇಡಿಯೊ ಅಂಗಡಿಯ ಪುಟ್ಟ ಡಬ್ಬಿಯ ಬಿಳಿ ಪೇಸ್ಟ್ ತರಬೇಡಿ, ಒಂದೇ ಬೇಸಿಗೆಯಲ್ಲಿ ಸುಣ್ಣದಂತೆ ಪುಡಿಯಾಗುತ್ತದೆ. ಲಿಕ್ವಿಡ್ ಮೆಟಲ್ ಮುಟ್ಟಲೇಬೇಡಿ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಮನ್ನು ತಿನ್ನುತ್ತದೆ. ಆರ್ಕ್‌ಟಿಕ್ ಎಂಎಕ್ಸ್-4 ಅಥವಾ ನಾಕ್ಟುವಾ ಎನ್‌ಟಿ-ಎಚ್1 ಸಾಕು. ಪ್ರೊಸೆಸರಿಗೆ ಬಟಾಣಿ ಕಾಳಿನಷ್ಟು ಇಟ್ಟು ಬಿಡುವ ಪದ್ಧತಿ ಇಲ್ಲಿ ನಡೆಯದು. ಮುಚ್ಚಳವಿಲ್ಲದ ಚಿಪ್ಪಿನ ಯಾವ ಮೂಲೆಯೂ ಬರಿದಾಗಿರಬಾರದು, ಹಳೆಯ ಎಟಿಎಂ ಕಾರ್ಡಿನ ತುಂಡಿನಿಂದ ಪೂರ್ತಿ ಸವರಿ.

ನನ್ನನ್ನು ಕೇಳಿದರೆ ಪೇಸ್ಟ್‌ಗಿಂತ ಹನಿವೆಲ್‌ನ ಪಿಟಿಎಂ 7950 ಹಾಳೆ ಮೇಲು. ಪೇಸ್ಟ್ ಕಾದು, ಆರಿ, ಮತ್ತೆ ಕಾದು ವರ್ಷ ಕಳೆಯುವುದರೊಳಗೆ ಚಿಪ್ಪಿನ ಅಂಚಿಗೆ ಸರಿದುಹೋಗುತ್ತದೆ. ಈ ಹಾಳೆ 45 ಡಿಗ್ರಿಯ ಸುಮಾರಿಗೆ ಕರಗಿ ಕೂತುಕೊಳ್ಳುತ್ತದೆ, ಸರಿಯುವುದಿಲ್ಲ. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಮೇಲಿನ ಪ್ಲಾಸ್ಟಿಕ್ ಪೊರೆ ಸಲೀಸಾಗಿ ಬರುತ್ತದೆ. ನಕಲಿ ಹಾಳೆಗಳೂ ಮಾರಾಟಕ್ಕಿವೆ, ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ.

ಮುಚ್ಚುವಾಗ ಮೊದಲು ಫ್ಯಾನಿನ ವೈರು, ಆಮೇಲೆ ಸ್ಕ್ರೂ, ಅದೇ ಕರ್ಣದ ಕ್ರಮ. ಸ್ಕ್ರೂ ತಾನಾಗಿ ನಿಂತಲ್ಲಿ ನೀವೂ ನಿಲ್ಲಿ. ಕಂಪ್ಯೂಟರ್ ಹಚ್ಚಿ ಆಟವಿಲ್ಲದೆ ಐದು ನಿಮಿಷ ಬಿಡಿ. ಸುಮ್ಮನಿದ್ದಾಗಲೇ 70 ದಾಟಿದರೆ ತಕ್ಷಣ ಆರಿಸಿ ಮತ್ತೆ ಬಿಚ್ಚಬೇಕು, ಹೀಟ್‌ಸಿಂಕ್ ಕೂತಿಲ್ಲ. ಕಡಿಮೆ ಉಷ್ಣಾಂಶದಲ್ಲಿ ಫ್ಯಾನು ತಿರುಗದಿದ್ದರೆ ಗಾಬರಿ ಬೇಡ, ಹೆಚ್ಚಿನ ಕಾರ್ಡ್‌ಗಳಲ್ಲಿ 50-60 ಡಿಗ್ರಿಯ ತನಕ ಅದು ನಿಂತೇ ಇರುತ್ತದೆ.

ಅನಂತರ ಅದೇ ಆಟ, ಅದೇ ಅರ್ಧ ಗಂಟೆ, ಅದೇ ನಾಲ್ಕು ಸಂಖ್ಯೆ. ಹುಡುಗನ ಕಾರ್ಡ್ 38 ಡಿಗ್ರಿಯ ಕೋಣೆಯಲ್ಲಿ 74ಕ್ಕೆ ನಿಂತಿತು, ಹಾಟ್‌ಸ್ಪಾಟ್ 86. ಅದನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಅಂಟಿಸಿ ಕಳಿಸಿದೆ. ಮುಂದಿನ ಏಪ್ರಿಲ್‌ನಲ್ಲಿ ಅವನು ಟವೆಲ್ ಹುಡುಕುವ ಮೊದಲು ಅದನ್ನು ಓದಲಿ ಎಂದು.