ಮೊದಲು ಹಟಮಾರಿಯ ಬಟ್ಟೆ, ಆಮೇಲೆ ಉಳಿದವರದು

ಕಳೆದ ತಿಂಗಳು 9 ಜನರ ಕುಟುಂಬದ ಫೋಟೋ ತೆಗೆದೆ. ಆರು ತಿಂಗಳ ಕೂಸಿನಿಂದ 80 ದಾಟಿದ ಅಜ್ಜಿವರೆಗೆ ಎಲ್ಲರೂ ಇದ್ದರು. ಬಟ್ಟೆಗೋಸ್ಕರ ಒಂದು ಫ್ರೇಮನ್ನೂ ತಿದ್ದಬೇಕಾಗಲಿಲ್ಲ. "ಬಟ್ಟೆ ಅವರ ತಲೆನೋವು, ನಿನಗ್ಯಾಕೆ ಊರ ಉಸಾಬರಿ?" ಅಂತ ಮೂರು ವರ್ಷದಿಂದ ಹೇಳುತ್ತಿದ್ದ ಫೋಟೋಗ್ರಾಫರ್ ಗೆಳೆಯರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೆನ್ಸು, ಲೈಟು, ಪೋಸು ನಿಮಗೆ ಗೊತ್ತಿರೋದೇ. ಅದರ ಗೋಜಿಗೆ ಹೋಗಲ್ಲ.

ಮೊದಲು ಕೆಟ್ಟಿದ್ದನ್ನು ಹೇಳ್ತೀನಿ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ "ಬಿಳಿ ಶರ್ಟು, ನೀಲಿ ಜೀನ್ಸ್" ಅಂದುಬಿಡುತ್ತಿದ್ದೆ. ಐದು ಜನ ಬಂದರೆ ಐದು ಥರ ಬಿಳಿ. ಹೊಸ ಶರ್ಟು ಬಿಸಿಲಲ್ಲಿ ನೀಲಿ ಹೊಡೆಯುತ್ತೆ, ಹಳೇದು ಹಳದಿ. ಹೊಸ ಬಟ್ಟೆಗೂ ಸೋಪಿನ ಪುಡಿಗೂ ಹಾಕಿರೋ, ಬಿಳಿಯನ್ನು ಹೊಳೆಸೋ ರಾಸಾಯನಿಕ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಹೀರಿ ನೀಲಿ ಬೆಳಕು ಬಿಡುತ್ತೆ. ಒಬ್ಬರ ಬಿಳಿ ಸರಿ ಮಾಡಿದರೆ ಇನ್ನೊಬ್ಬರ ಮುಖ ಕೆಡುತ್ತೆ. ಒಂದು ಶೂಟಿಗೆ ಸುಮಾರು 9 ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಈಗ ಮೂರು ಸಾಕು.

ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಒಂದೇ ಥಾನಿನ ಬಟ್ಟೆ ತಂದು ಆರು ಜನಕ್ಕೂ ಹೊಲಿಸಿದೆ. ಬಟ್ಟೆ, ಹೊಲಿಗೆ ಎಲ್ಲಾ ನನ್ನ ಕೈಯಿಂದಲೇ. ಆ ಶೂಟಿಂದ ಬಂದದ್ದರ ಒಂದೂವರೆ ಪಟ್ಟು ದುಡ್ಡು ಅದಕ್ಕೇ ಹೋಯ್ತು. ಫೋಟೋ ನೋಡಿದರೆ ಅಮ್ಮನ ತೊಡೆ ಮೇಲೆ ಕೂತ ಮಗು ಎಲ್ಲಿ ಮುಗಿಯುತ್ತೆ, ಅಮ್ಮ ಎಲ್ಲಿ ಶುರುವಾಗುತ್ತಾಳೆ ಅಂತ ಗೊತ್ತಾಗಲ್ಲ. ಎಲ್ಲಾ ಒಂದೇ ಮುದ್ದೆ. ಅವರು ದುಡ್ಡು ವಾಪಸ್ ಕೇಳಲಿಲ್ಲ, ಆದರೆ ಮತ್ತೆ ಬರಲೂ ಇಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತೆ.

ಮೂರನೇದು, ಸ್ಟುಡಿಯೋದಲ್ಲೇ ಬಟ್ಟೆ ಇಟ್ಟುಕೊಳ್ಳೋಣ ಅಂತ ಮೂವತ್ತು ಚಿಲ್ಲರೆ ಕೊಂಡೆ. ಉಪಯೋಗಕ್ಕೆ ಬಂದದ್ದು ಎಂಟೋ ಒಂಬತ್ತೋ. ಅದರಲ್ಲೂ ಜಾಸ್ತಿ ಓಡಾಡೋದು ಶಾಲು ಮತ್ತು ತೆಳು ಸ್ವೆಟರು. ಅವಕ್ಕೆ ಅಳತೆಯ ತಾಪತ್ರಯ ಇಲ್ಲ, ಅಲ್ವಾ. ಕೊಳ್ಳೋದಿದ್ದರೆ ಇವೆರಡನ್ನೇ ಕೊಳ್ಳಿ.

ಈಗ ನಾನು ಮಾಡೋದು ಹೀಗೆ. ಹತ್ತು ದಿನ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ: "ನಿಮ್ಮ ಮನೇಲಿ ಏನು ಕೊಟ್ಟರೂ ಹಾಕಿಕೊಳ್ಳದೇ ಇರೋರು ಯಾರು?" ಥೀಮು, ಬಣ್ಣ ಏನೂ ಕೇಳಲ್ಲ. ಈ ಸಲ ಇಬ್ಬರಿದ್ದರು. ನಾಲ್ಕು ವರ್ಷದ ಹುಡುಗಿಗೆ ಅವಳ ಮಾಸಿದ ಹಳದಿ ಫ್ರಾಕೇ ಬೇಕು. ಅಜ್ಜಿಗೆ ಅವರ ಹಳೇ ಕೆಂಗಂದು ಶಾಲು ಬಿಟ್ಟರೆ ಚಳಿ. ಹುಡುಗಿಯ ಅಮ್ಮ ಹೊಸ ಫ್ರಾಕ್ ತರುತ್ತೀನಿ ಅಂದರು. ಬೇಡವೇ ಬೇಡ ಅಂದೆ. ಶಾಲಿನ ಫೋಟೋ ಕಳಿಸಿ ಅಂದೆ. ಅಂಚಿನಲ್ಲಿ ಬೆರಳಗಲ ಸಾಸಿವೆ ಹಳದಿ ಪಟ್ಟಿ! ಅಲ್ಲಿಗೆ ನನ್ನ ಕೆಲಸ ಅರ್ಧ ಮುಗೀತು. ಅಜ್ಜಿ ಒಂದು ಕಡೆ, ಮೊಮ್ಮಗಳು ಇನ್ನೊಂದು ಕಡೆ. ನಡುವೆ ಇರೋರಿಗೆ ಬೂದು ನೀಲಿ, ಕಂದು, ಮಾಸಲು ಹಸಿರು. ಹೊಸದಾಗಿ ಕೊಂಡದ್ದು ಇಡೀ ಮನೆಗೆ ಎರಡೇ ಶರ್ಟು. ಉಳಿದದ್ದೆಲ್ಲಾ ಅವರ ಬೀರುವಿನದೇ.

ಆಮೇಲೆ ಎಲ್ಲರ ಬಟ್ಟೆಯನ್ನೂ ಕಿಟಕಿ ಪಕ್ಕ ನೆಲದ ಮೇಲೆ ಹಾಸೋಕೆ ಹೇಳ್ತೀನಿ, ನಿಲ್ಲೋ ಸಾಲಿನಲ್ಲೇ. ಮೇಲಿಂದ ಒಂದು ಫೋಟೋ ತೆಗೆದು ಫೋನಲ್ಲೇ ಕಪ್ಪು ಬಿಳುಪು ಮಾಡೋದು. ಅಷ್ಟೇ. ಇದಕ್ಕೇ ಎಲ್ಲರೂ ನಕ್ಕಿದ್ದು. ಆದರೆ ಅಣ್ಣನ ಕೆಂಪು ಟೀ ಶರ್ಟೂ ತಂಗಿಯ ಹಸಿರು ಟಾಪೂ ಅದರಲ್ಲಿ ಒಂದೇ ಬೂದು ಆಗಿದ್ದವು. ಬಣ್ಣದಲ್ಲಿ ನೋಡಿದರೆ ಎಷ್ಟು ಬೇರೆ ಅನ್ನಿಸುತ್ತೆ! ಅಪ್ಪಿಕೊಂಡು ನಿಂತರೆ ಇಬ್ಬರೂ ಕರಗಿ ಹೋಗುತ್ತಿದ್ದರು. ತಂಗಿಯ ಟಾಪು ತಿಳಿ ಬಣ್ಣದ್ದು ಮಾಡಿಸಿದೆ. ಕೆಂಪಿನ ಜೊತೆ ಇನ್ನೊಂದು ತಂಟೆ ಇದೆ. ಗಾಢ ಕೆಂಪಿನಲ್ಲಿ ಮಡಿಕೆಗಳೇ ಕಾಣಲ್ಲ, ಕ್ಯಾಮೆರಾ ಕೆಂಪನ್ನು ದಾಖಲಿಸೋ ಭಾಗ, ಅಂದರೆ ರೆಡ್ ಚಾನೆಲ್, ಮೊದಲು ತುಂಬಿಹೋಗುತ್ತೆ. ಬಿಸಿಲಿದ್ದರೆ ಗಲ್ಲದ ಕೆಳಗೆ ಕೆಂಪು ಚೆಲ್ಲುತ್ತೆ. ಅಣ್ಣನಿಗೂ ಕೊನೆಗೆ ಇಟ್ಟಿಗೆ ಬಣ್ಣದ್ದೇ ಹಾಕಿಸಿದೆ.

ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ ಅಂತ ನಿಮಗೆ ಗೊತ್ತು, ಮ್ವಾರೆ ಬರುತ್ತೆ, ಅಂದರೆ ಬಟ್ಟೆಯಲ್ಲಿಲ್ಲದ ಅಲೆಯಂಥ ಗೆರೆಗಳು ಫೋಟೋದಲ್ಲಿ ಕಾಣುತ್ತವೆ. ಆದರೆ ಸುಮ್ನೆ ಬೇಡ ಅಂದರೆ ಜನ ಒಪ್ಪಲ್ಲ. ನಾನು ಅಂಥ ಒಂದು ಶರ್ಟನ್ನು ಆರೇಳು ಬೇರೆ ಬೇರೆ ದೂರದಿಂದ ತೆಗೆದು ತೋರಿಸಿದ್ದೇನೆ. ಒಂದು ದೂರದಲ್ಲಿ ನೀರಿನಲೆ ಥರ ಓಡುತ್ತೆ, ಎರಡು ಹೆಜ್ಜೆ ಹಿಂದೆ ಹೋದರೆ ಮಾಯ. ಅದನ್ನು ನೋಡಿದ ಮೇಲೆ ಯಾರೂ ವಾದ ಮಾಡಿಲ್ಲ.

ಕಪ್ಪನ್ನೂ ನಂಬಬೇಡಿ. ಅಪ್ಪನ ಕಪ್ಪು ಪ್ಯಾಂಟು, ಮಗನ ಕಪ್ಪು ಪ್ಯಾಂಟು ಕಣ್ಣಿಗೆ ಒಂದೇ. ಕ್ಯಾಮೆರಾದಲ್ಲಿ ಒಂದು ಕಂದು. ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಹೊಡೆಯುತ್ತೆ, ಅದರಲ್ಲಿ ಸ್ವಲ್ಪ ಕ್ಯಾಮೆರಾದ ಸೆನ್ಸರಿಗೂ ತಲುಪುತ್ತೆ. ಪಕ್ಕದ ಬಣ್ಣವೂ ಕಪ್ಪನ್ನು ಕೆಡಿಸುತ್ತೆ. ಪ್ಯಾರಿಸ್ಸಿನ ಗೋಬ್ಲೆ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮೇಲ್ವಿಚಾರಕನಾಗಿದ್ದ ಶೆವ್ರೋಲ್‌ಗೆ 1820ರ ದಶಕದಲ್ಲೇ ಕಪ್ಪು ನೂಲು ಮಂಕು ಅಂತ ದೂರು ಬಂದಿತ್ತು. ನೂಲಿನಲ್ಲಿ ತಪ್ಪಿರಲಿಲ್ಲ, ಪಕ್ಕದಲ್ಲಿದ್ದ ಬಣ್ಣದ ಕಿತಾಪತಿ ಅದು. ಅವನ ಕಥೆ ಓದಿದ ಮೇಲೆ ನಾನು ಕಪ್ಪಿನ ಪಕ್ಕ ಗಾಢ ನೀಲಿ ನಿಲ್ಲಿಸೋದು ಬಿಟ್ಟೆ.

ನಡುವೆ ಒಂದು ಪ್ರಯೋಗ ಮಾಡಿದೆ. ನೀಲಿ ಹೊಡೆಯೋ ಬಿಳಿ ಕಾಟನ್ ಶರ್ಟನ್ನು ಟೀ ಡಿಕಾಕ್ಷನ್ನಿನಲ್ಲಿ 20 ನಿಮಿಷ ಅದ್ದಿಟ್ಟೆ. ಚೆಂದದ ಕೆನೆ ಬಣ್ಣ ಬಂತು. ಆದರೆ ಹೊಲಿಗೆಯ ದಾರ ಪಾಲಿಯೆಸ್ಟರ್, ಅದು ಬಣ್ಣ ಹಿಡಿಯಲೇ ಇಲ್ಲ. ಕಾಲರ್ ಸುತ್ತ ಬಿಳಿ ಚುಕ್ಕಿ ಸಾಲು ಹಾಗೇ ಉಳೀತು. ದೂರದ ಫ್ರೇಮಿಗೆ ಪರವಾಗಿಲ್ಲ, ಕ್ಲೋಸಪ್‌ಗೆ ಆಗಲ್ಲ. ಈಗ ಕಾಟನ್ ದಾರದಲ್ಲಿ ಹೊಲಿಸಿದ ಒಂದು ಶರ್ಟಿನ ಮೇಲೆ ಮತ್ತೆ ನೋಡ್ತಾ ಇದ್ದೀನಿ.

ಹೊಸ ಬಟ್ಟೆ ಒಂದು ಸಲ ಒಗೆಯಲೇಬೇಕು, ಇಲ್ಲದಿದ್ದರೆ ಮಡಿಕೆ ಗೆರೆ ಹೋಗಲ್ಲ. ಮಕ್ಕಳ ಬಟ್ಟೆಯ ಕತ್ತಿನ ಲೇಬಲ್ ಕತ್ತರಿಸಿ, ಅರ್ಧ ಅಳು ಅಲ್ಲೇ ನಿಲ್ಲುತ್ತೆ. ಹಾಕಿಕೊಂಡು ಕೂತು, ಕೈ ಎತ್ತಿ ತೋರಿಸೋಕೆ ಹೇಳಿ. ನಿಂತಾಗ ಚೆನ್ನಾಗಿರೋ ಪ್ಯಾಂಟು ಕೂತಾಗ ಕಾಲುಚೀಲ ಪೂರ್ತಿ ತೋರಿಸುತ್ತೆ. ಹದಿನಾರರ ಹುಡುಗರನ್ನು ಒಪ್ಪಿಸೋ ಉಪಾಯ ಒಂದಿದೆ. ಅದನ್ನು ಕಲಿಯೋಕೆ ನನಗೆ ಎರಡು ವರ್ಷ ಹಿಡೀತು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ 9 ಜನರ ಫೋಟೋ ಈಗ ಅವರ ಹಾಲ್‌ನಲ್ಲಿದೆ, ಸುಮಾರು 4 ಅಡಿ ಅಗಲದ ಪ್ರಿಂಟ್. ಅಷ್ಟು ದೊಡ್ಡದರಲ್ಲಿ ಹುಡುಗಿಯ ಫ್ರಾಕಿನ ಎಡತೋಳು ಮಾಸಿರೋದು ಕಾಣುತ್ತೆ. ಅಳಿಸಲಾ ಅಂತ ಕೇಳಿದ್ದೆ. ಹೊಸ ಫ್ರಾಕ್ ತರುತ್ತೀನಿ ಅಂದಿದ್ದ ಅಮ್ಮನೇ ಬೇಡ, ಹಾಗೇ ಇರಲಿ ಅಂದರು.