ಚೇಣಿ ಕೊಡುವ ಮುಂಚೆ ಯಾರನ್ನು ಕೇಳುತ್ತೀರಿ?

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಪ್ರತಿ ವರ್ಷ ನಮ್ಮ ಕಡೆಯ ವಿಷಯದ ಮೇಲೆ ಒಂದು ಪ್ರಾಜೆಕ್ಟ್ ಮಾಡಿಸುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ) ಬಗ್ಗೆ ಬರೆದು ತಂದಳು. ಮೊದಲ ಪುಟದಲ್ಲೇ "ಈ ರೋಗ ಮಂಗ ಕಚ್ಚುವುದರಿಂದ ಬರುತ್ತದೆ" ಅಂತ ಇತ್ತು. ನನಗೆ ಎದೆ ಧಸಕ್ಕೆಂದಿತು. ಅವಳ ಮನೆಯವರು ಬೇಸಿಗೆಯಲ್ಲಿ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು. ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳದಿಂದ. ಮಂಗ ಹತ್ತಿರ ಬರದಿದ್ದರೆ ಸಾಕು ಅಂದುಕೊಂಡು ಉಣುಗು ಹತ್ತದಂತೆ ತಡೆಯುವ ಎಣ್ಣೆಯನ್ನು ಮೈಗೆ ಹಚ್ಚದೆ ಹೋದರೆ ಏನು ಗತಿ?

"ಎಲ್ಲಿಂದ ಬರೆದೆ?" ಅಂತ ಕೇಳಿದೆ.

"ನೀವು ಕೊಟ್ಟ ಪಟ್ಟಿ ಹಿಡಿದೇ ಸೈಟ್ ಆರಿಸಿದೆ ಮೇಡಂ. ಎಲ್ಲದಕ್ಕೂ ಟಿಕ್ ಬಿದ್ದಿದೆ."

ನಿಜವಾಗಿಯೂ ಬಿದ್ದಿತ್ತು. ದಿನಾಂಕ ಇದೆಯಾ, ಸಂಪರ್ಕ ವಿಳಾಸ ಇದೆಯಾ, ಕಾಗುಣಿತ ಸರಿ ಇದೆಯಾ, ಜಾಹೀರಾತು ಜಾಸ್ತಿ ಇಲ್ಲ ತಾನೇ, ಸೈಟ್ ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ ಇದೆಯಾ ಅಂತೆಲ್ಲ ನಾನೇ ಬರೆದುಕೊಟ್ಟಿದ್ದ ಪಟ್ಟಿ. ಆ ಸೈಟ್ ಎಲ್ಲದರಲ್ಲೂ ಪಾಸ್. ಸ್ಟೆತಸ್ಕೋಪ್ ಚಿತ್ರ, "ವೈದ್ಯರಿಂದ ಪರಿಶೀಲಿಸಲಾಗಿದೆ" ಅನ್ನುವ ಹಸಿರು ಮುದ್ರೆ ಬೇರೆ. ಯಾವ ವೈದ್ಯರು ಅಂತ ಮಾತ್ರ ಎಲ್ಲೂ ಇಲ್ಲ. ಪುಟದ ಕೆಳಗೆ ಒಂದು ಕಷಾಯದ ಪುಡಿ ಮಾರಾಟಕ್ಕಿತ್ತು. ಡಾಟ್ ಆರ್ಗ್ ಹೆಸರನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೊಳ್ಳಬಹುದು, ಅದನ್ನು ನಂಬಿಕೆಯ ಗುರುತು ಅಂತ ಕಲಿಸಿದ ತಪ್ಪು ನನ್ನದೇ. ಡಾಟ್ ಗೌ ಡಾಟ್ ಇನ್ ಹಾಗಲ್ಲ, ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ.

ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2017ರ ಒಂದು ಅಧ್ಯಯನ ಓದಿದೆ. 10 ಇತಿಹಾಸಕಾರರು, 25 ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವುದೇ ಕೆಲಸವಾಗಿರುವ 10 ಜನ, ಇಷ್ಟು ಮಂದಿಗೆ ಸೈಟ್‌ಗಳನ್ನು ತೋರಿಸಿದ್ದಾರೆ. ಓದಿಕೊಂಡ ಇತಿಹಾಸಕಾರರೇ ಎಷ್ಟೋ ಸಲ ಲೋಗೋ, ಹೆಸರು ನೋಡಿ ಮೋಸ ಹೋಗಿದ್ದಾರೆ. ಪರೀಕ್ಷಿಸುವವರು ಪುಟವನ್ನು ಪೂರ್ತಿ ಓದಲೇ ಇಲ್ಲ, ಬೇಗ ಹೊರಗೆ ಬಂದು ಬೇರೆ ಟ್ಯಾಬ್ ತೆರೆದು ಇವರು ಯಾರು ಅಂತ ಹುಡುಕಿದರು, ಅವರ ತೀರ್ಮಾನವೇ ಹೆಚ್ಚು ಸರಿಯಾಗಿತ್ತು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಏನೂ ಕಾಣಲಿಲ್ಲ. ನಮ್ಮ ಕಡೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದಕ್ಕೆ ಚೇಣಿ ಅನ್ನುತ್ತಾರೆ. ಆಗ ಕೇಳಿದೆ, "ನಿಮ್ಮಪ್ಪ ತೋಟ ಚೇಣಿ ಕೊಡುವ ಮುಂಚೆ ಆ ಮನುಷ್ಯ ಒಳ್ಳೆಯವನಾ ಅಂತ ಅವನನ್ನೇ ಕೇಳುತ್ತಾರಾ?" ಹಿಂದಿನ ಬೆಂಚಿನ ಹುಡುಗ ತಟ್ಟನೆ ಹೇಳಿದ: "ಇಲ್ಲ ಮೇಡಂ, ಹೋದ ವರ್ಷ ಅವನಿಗೆ ಚೇಣಿ ಕೊಟ್ಟವರಿಗೆ ಫೋನ್ ಮಾಡ್ತಾರೆ." ಅಷ್ಟೇ ಸಾಕಾಯಿತು.

ಆ ಕಷಾಯದ ಸೈಟಿನ ಹೆಸರನ್ನು ಲ್ಯಾಬಿನಲ್ಲಿ ಎಲ್ಲರೂ ಸೇರಿ ಹುಡುಕಿದೆವು. ಸಿಕ್ಕಿದ್ದು ಅವರದೇ ಅಂಗಡಿ ಪುಟಗಳು. "ಮಂಗ ಕಚ್ಚುವುದರಿಂದ" ಅನ್ನುವ ವಾಕ್ಯವನ್ನೇ ಹುಡುಕಿದಾಗ ಇನ್ನೂ ನಾಲ್ಕು ಸೈಟ್ ಬಂದವು, ನಾಲ್ಕರಲ್ಲೂ ಕ್ಯಾಸನೂರು ಅನ್ನುವುದು "ಕಾಸನೂರ" ಆಗಿತ್ತು. ಒಬ್ಬರದನ್ನು ಒಬ್ಬರು ಎತ್ತಿಕೊಂಡಿದ್ದಾರೆ ಅಂತ ಮಕ್ಕಳೇ ಹಿಡಿದರು. ಐದು ಕಡೆ ಇದೆ ಅಂದರೆ ಐದು ಸಾಕ್ಷಿ ಅಲ್ಲ, ಅಲ್ವಾ? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಮಾಹಿತಿಗೆ ಹೋದರೆ ವಿಷಯ ಸ್ಪಷ್ಟ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ವೈರಸ್, ಹರಡುವುದು ಉಣುಗು ಕಚ್ಚಿ.

ವಿಕಿಪೀಡಿಯ ಬೇಡ ಅನ್ನುವುದನ್ನೂ ಬಿಟ್ಟಿದ್ದೇನೆ. ಓದಲಿ, ಆದರೆ ಕೆಳಗಿನ ಆಧಾರಗಳನ್ನು ತೆರೆದು ನೋಡಲಿ. ಗೂಗಲ್ ಮೇಲ್ಗಡೆ ಕೊಡುವ ಎಐ ಉತ್ತರಕ್ಕೂ ಇದೇ ಮಾತು.

ನಮ್ಮ ಕಡೆಯ ಇನ್ನೊಂದು ತೊಂದರೆ ನೆಟ್‌ವರ್ಕ್. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಾಗ ಮಕ್ಕಳು ಸ್ಕ್ರೀನ್‌ಶಾಟ್ ತೆಗೆದು ಮನೆಗೆ ಬಂದು ಓದುತ್ತಾರೆ, ಅದರಲ್ಲಿ ಮೇಲಿನ ವಿಳಾಸ ಕತ್ತರಿಸಿ ಹೋಗಿರುತ್ತದೆ. ವಿಳಾಸ ಕಾಣದ ಸ್ಕ್ರೀನ್‌ಶಾಟ್ ಈಗ ನಾನು ಒಪ್ಪುವುದಿಲ್ಲ.

ಈ ವರ್ಷ ಒಬ್ಬ ಹುಡುಗ ಕುಂಚಿಕಲ್ ಜಲಪಾತದ ಬಗ್ಗೆ ಬರೆದ. ಅವನ ಪುಸ್ತಕದಲ್ಲಿ ಹೀಗಿತ್ತು: "ಜೋಗದ ಎತ್ತರ 253 ಮೀಟರ್. ಕುಂಚಿಕಲ್ 455 ಮೀಟರ್ ಅಂತ ಏಳು ಸೈಟ್ ನೋಡಿದೆ. ಯಾರು ಅಳೆದರು ಅಂತ ಒಂದರಲ್ಲೂ ಇಲ್ಲ. ಅದಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ."