ಮಟ್ಟಿ ಬಿಟ್ಟ ಮೇಲೆ ಮೈ ಇಳಿಸಿದ ಬಗೆ

ಪೈಲ್ವಾನನು ಸಾಮು, ಅಂದರೆ ಕುಸ್ತಿಯ ಕಸರತ್ತು, ಬಿಟ್ಟರೆ ಒಂದೇ ದಿನಕ್ಕೆ ಪೂರ್ತಿಯಾಗಿ ಬಿಡಬೇಕು, ಇಲ್ಲವೇ ಸಾಯುವತನಕ ಮಟ್ಟಿಯಲ್ಲಿಯೇ (ಕುಸ್ತಿಯ ಮಣ್ಣಿನ ಅಂಕಣದಲ್ಲಿಯೇ) ಇರಬೇಕು ಎಂಬುದು ನಮ್ಮ ಕುಸ್ತಿ ಗುರುಗಳಾದ ವಸ್ತಾದರ ಮಾತು. ನಾನು ಹದಿನೆಂಟು ತಿಂಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೇನೆ ಎಂದಾಗ ಬೆಟಗೇರಿಯ ಗರಡಿಯಲ್ಲಿ ನಕ್ಕವರೇ ಹೆಚ್ಚು. ಹಾಗೆ ನಕ್ಕವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ವಹಿಯನ್ನು ಕೇಳಿಕೊಂಡು ಮನೆಗೆ ಬಂದಿದ್ದಾರೆ.

ಮೊದಲ ಸಲ ನಾನೂ ಸೋತೆ. 2015ರಲ್ಲಿ ಲಕ್ಷ್ಮೇಶ್ವರದ ಕಡೆಯ ಜಾತ್ರೆಯೊಂದರಲ್ಲಿ ಬಲಮೊಣಕಾಲು ತಿರುಚಿದ ಮೇಲೆ ನೆಲಕ್ಕೆ ಕೈಯೂರಿ ಹೊಡೆಯುವ ದಂಡ, ಕೂತೇಳುವ ಬಸ್ಕಿಗಳು ನಿಂತವು, ಪೈಲ್ವಾನರ ಪುಷ್ಟಿಯ ಊಟವಾದ ಖುರಾಕು ನಿಲ್ಲಲಿಲ್ಲ. ದಿನಕ್ಕೆ ಮೂರು ಲೀಟರ್ ಎಮ್ಮೆಹಾಲು, ಅರೆದ ಬಾದಾಮಿ, ತುಪ್ಪ ರೂಢಿಯಾಗಿದ್ದ ಹೊಟ್ಟೆ ಅಷ್ಟನ್ನೇ ಕೇಳುತ್ತಿತ್ತು. 92 ಕಿಲೋ ಇದ್ದ ತೂಕ ಎಂಟು ತಿಂಗಳಲ್ಲಿ 115 ದಾಟಿತು, ರಕ್ತದೊತ್ತಡವೂ ಏರಿತು. ನಸುಕಿನ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು, ಹೋಗಲು ಜಾಗವಿರಲಿಲ್ಲ. ಗೂಟದ ಮೇಲಿನ ಲಂಗೋಟಿಯನ್ನು ತೆಗೆದು, ಮಡಚಿ, ಮತ್ತೆ ಅಲ್ಲಿಯೇ ಹಾಕುತ್ತಿದ್ದೆ. 28 ಒಲಿಂಪಿಕ್ ಪದಕಗಳನ್ನು ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರೂ ಒಲಿಂಪಿಕ್ಸ್ ಮುಗಿದ ಮೇಲೆ ಖಿನ್ನತೆಗೆ ಒಳಗಾದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆಂದು ಓದಿದ ದಿನ ನನಗೆ ಧೈರ್ಯ ಬಂತು.

ಅದೇ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಪಾಲುದಾರಿಕೆಯ ಜಿಮ್‌ಗೆ ನಾಲ್ಕೂವರೆ ಲಕ್ಷ ಹಾಕಿದೆ. ನನ್ನ ಹೆಸರು ಕೇಳಿ ಮೊದಲ ತಿಂಗಳು ತೊಂಬತ್ತು ಹುಡುಗರು ಸೇರಿದರು. ಆರನೆಯ ತಿಂಗಳಿಗೆ ಇಪ್ಪತ್ತೂ ಉಳಿಯಲಿಲ್ಲ, ಬಾಡಿಗೆ ಮಾತ್ರ ಹಾಗೆಯೇ ಇತ್ತು. ಗೆದ್ದ ಬೆಳ್ಳಿಯ ಕಡಗಗಳಲ್ಲಿ ಎರಡನ್ನು ಮಾರಿ ಸಾಲ ತೀರಿಸಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕುಸ್ತಿಪಟು ಖಾಶಾಬಾ ಜಾಧವ್ ಅವರೇ ಪೊಲೀಸ್ ನೌಕರಿಗೆ ಸೇರಿ ಬದುಕು ನಡೆಸಿದರು. ನೌಕರಿಯ ಮಾತು ಬಂದಾಗ ನಾನು ಒಲ್ಲೆನೆಂದದ್ದು ತಪ್ಪು.

ಮೊಣಕಾಲು ಸುಧಾರಿಸಿದ ಮೇಲೆ ಆರುನೂರು ದಂಡಕ್ಕೆ ಮರಳಿ, ಅಲ್ಲಿಂದ ಎಂಟು ವಾರಕ್ಕೊಮ್ಮೆ ಐವತ್ತು ದಂಡ ಇಳಿಸಿ, ಅದೇ ದಿನ ಹಾಲಿನಲ್ಲಿ ಕಾಲು ಲೀಟರ್ ಕಡಿಮೆ ಮಾಡುತ್ತ ಬಂದೆ. ಎರಡನ್ನೂ ಒಂದೇ ದಿನ ಇಳಿಸುವುದರಲ್ಲಿಯೇ ಎಲ್ಲವೂ ಇದೆ. ಬಸ್ಕಿಯ ಬದಲಿಗೆ ಬಿಂಕದಕಟ್ಟಿಯವರೆಗೆ ಸೈಕಲ್ ತುಳಿದೆ. ಹಾಲಿನ ಜಾಗಕ್ಕೆ ಜೋಳದ ನುಚ್ಚು, ಮಜ್ಜಿಗೆ ಹಿಡಿದು ನೋಡಿದೆ, ಸಂಜೆಯ ಹಸಿವು ತಡೆಯಲಿಲ್ಲ. ಮೊಳಕೆ ಬಂದ ಮಡಿಕೆಕಾಳು, ಸಜ್ಜೆರೊಟ್ಟಿ ತಡೆದವು. ನಸುಕಿನ ಹಸಿವಿಗೆ ನಾನು ಕುಡಿಯುವ ಕಷಾಯದ ಸಾಮಗ್ರಿಯನ್ನು ಇಲ್ಲಿ ಬರೆಯುವುದಿಲ್ಲ, ಗರಡಿಗೆ ಬಂದವರಿಗೆ ಹೇಳುತ್ತೇನೆ.

ನಸುಕಿನ ನಾಲ್ಕು ಗಂಟೆಯ ಹೊತ್ತನ್ನು ಮಟ್ಟಿಗೇ ಕೊಟ್ಟೆ: ಮಣ್ಣು ಅಗೆದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ ಹದ ಮಾಡಿಟ್ಟು, ಬಂದ ಹುಡುಗರಿಗೆ ಪಟ್ಟು ಕಲಿಸತೊಡಗಿದೆ. ಈಗ ಮೂವತ್ತರ ಮೇಲೆ ಹುಡುಗರಿದ್ದಾರೆ. ತಿಂಗಳಿಗೆ ಹದಿನೈದು ಸಾವಿರದಷ್ಟು ಬರುತ್ತದೆ, ಹೊಲವೂ ಇದೆ. ತೂಕ 94ಕ್ಕೆ ನಿಂತು ಏಳು ವರ್ಷವಾಯಿತು. ಒತ್ತಡದ ಗುಳಿಗೆಯನ್ನು ವೈದ್ಯರೇ ನಿಲ್ಲಿಸಿದರು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಅವರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು.